ಕ್ವಾರ್ಟರ್ ಉಳಿಸುವ ಒಗೆತ

ಅಮೆರಿಕಕ್ಕೆ ಓದಲು ಹೊರಟಿದ್ದೀರಾ? ಅಲ್ಲಿನ ಎಷ್ಟೋ ಅಪಾರ್ಟ್‌ಮೆಂಟುಗಳ ಲಾಂಡ್ರಿಯಲ್ಲಿ ಒಗೆಯಲು ಒಂದು ಸಲ, ಒಣಗಿಸಲು ಇನ್ನೊಂದು ಸಲ 25 ಸೆಂಟಿನ ಕ್ವಾರ್ಟರ್ ನಾಣ್ಯಗಳನ್ನು ಸುರಿಯಬೇಕು. ಎರಡನೆಯದನ್ನು ಬಿಟ್ಟುಬಿಡಿ. ಮಡಚುವ ಸ್ಟ್ಯಾಂಡ್ ಒಂದನ್ನು ಕೊಂಡು ಕೋಣೆಯಲ್ಲೇ ಬಟ್ಟೆ ಹರವಿ. ಚಳಿಗಾಲದಲ್ಲಿ ಹೀಟರ್ ಓಡುವ ಮನೆಯೊಳಗಿನ ಗಾಳಿ ತುಟಿ ಒಡೆಯುವಷ್ಟು ಒಣ. ರಾತ್ರಿ ಹರವಿದ ತೆಳು ಅಂಗಿ ಬೆಳಿಗ್ಗೆ ತೊಡಲು ಸಿದ್ಧ. ಹೀಟರಿನ ಮೇಲೆ ಮಾತ್ರ ಹಾಕಲೇಬೇಡಿ, ಬೆಂಕಿ ಹೊತ್ತೀತು.

ಜೀನ್ಸ್, ಟವೆಲ್ಲಿನಂಥ ದಪ್ಪ ಬಟ್ಟೆಗೆ ಡ್ರೈಯರ್ ಬೇಕೇ ಬೇಕಾದರೆ ರೂಮ್‌ಮೇಟ್ ಜೊತೆ ಪಾಲು ಹಾಕಿಕೊಳ್ಳಿ. ಅಮ್ಮ ಕೊಟ್ಟುಕಳಿಸಿದ ಹತ್ತಿಯ ಕುರ್ತಾವನ್ನು ಅದರ ಹತ್ತಿರವೂ ಒಯ್ಯಬೇಡಿ, ಬಿಸಿಗೆ ಕುಗ್ಗುತ್ತದೆ. ಒಗೆಯಲು ತಣ್ಣೀರು ಸಾಕು. ಕಾಲುಚೀಲ, ಒಳಉಡುಪುಗಳನ್ನು ಸ್ನಾನದ ಹೊತ್ತಿಗೇ ಕೈಯಲ್ಲಿ ತಿಕ್ಕಿ ಹಿಂಡಿಹಾಕಿ.