ಹಾಡು, ಚಪ್ಪಾಳೆ, ಕುಣಿತ: ಐದು ವರ್ಷದೊಳಗಿನ ಮಕ್ಕಳ ಮೊದಲ ಪಾಠ



ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರಿರಲಿ, ಪಿಂಪ್ರಿ-ಚಿಂಚವಡದ ಕಾರ್ಖಾನೆಗೆ ಹೋಗುವವರಿರಲಿ, ಹಿಂಜವಡಿಯ ಕಂಪನಿಯಲ್ಲಿರುವವರಿರಲಿ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಒಂದು ಕೊರತೆ ಎಲ್ಲರಿಗೂ ಇದೆ. ಅಜ್ಜಿ ಊರಲ್ಲಿದ್ದಾಳೆ. ಊರಲ್ಲಾಗಿದ್ದರೆ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು ತೂಗುತ್ತ, ಚಪ್ಪಾಳೆ ತಟ್ಟಿಸುತ್ತ ಹಾಡುವವರು ನಾಲ್ಕು ಜನ ಇರುತ್ತಿದ್ದರು. ಇಲ್ಲಿ ಆ ಕೆಲಸವನ್ನು ಮೊಬೈಲ್‌ಗೆ ಒಪ್ಪಿಸಿದ್ದೇವೆ.

"ಮೊಬೈಲಿನಲ್ಲೂ ಕನ್ನಡದ ಹಾಡೇ ಹಾಕುತ್ತೇವಲ್ಲ, ಮಗು ಕಲಿಯುವುದಿಲ್ಲವೇ?" ಎಂದು ಹಲವರು ಕೇಳುತ್ತಾರೆ. ಅದಕ್ಕೆ ಉತ್ತರ ಇಂದಿನ ಲೇಖನ.

*ಮೊಬೈಲಿನ ಹಾಡು, ಅವ್ವನ ಹಾಡು*

ಮೊಬೈಲ್ ಹಾಡುತ್ತದೆ, ಆದರೆ ಮಗುವಿನ ಕಡೆ ನೋಡುವುದಿಲ್ಲ. ನೀವು ಹಾಡುವಾಗ ಮಗು ನಿಮ್ಮ ತುಟಿ, ಕಣ್ಣು ನೋಡುತ್ತದೆ. ಅದು "ಆ" ಎಂದರೆ ನೀವೂ "ಆ" ಎನ್ನುತ್ತೀರಿ. ಅದು ನಕ್ಕರೆ ಇನ್ನೊಮ್ಮೆ ಹಾಡುತ್ತೀರಿ. ಚಿಕ್ಕ ಮಕ್ಕಳು ಮಾತು ಕಲಿಯುವುದು ಈ ಕೊಡು-ಕೊಳ್ಳುವಿಕೆಯಿಂದಲೇ. ನಿಮ್ಮ ಸ್ವರ ಚೆನ್ನಾಗಿರಬೇಕೆಂದಿಲ್ಲ. ಮಗುವಿಗೆ ಅತಿ ಪರಿಚಿತವಾದ ದನಿ ನಿಮ್ಮದೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರಕಾರ:

• 1 ವರ್ಷ ಮುಗಿಯದ ಮಗುವಿಗೆ ಟಿವಿ, ಮೊಬೈಲ್ ನೋಡುವುದು ಬೇಡವೇ ಬೇಡ. ಒಂದು ವರ್ಷದ ಮಗುವಿಗೂ ಬೇಡ.
• 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು. ಕಡಿಮೆಯಾದಷ್ಟೂ ಒಳ್ಳೆಯದು.
• 1ರಿಂದ 4 ವರ್ಷದ ಮಕ್ಕಳ ಮೈ ದಿನಕ್ಕೆ ಒಟ್ಟು 3 ಗಂಟೆಯಾದರೂ ಚಟುವಟಿಕೆಯಿಂದಿರಬೇಕು. 3-4 ವರ್ಷದವರು ಅದರಲ್ಲಿ 1 ಗಂಟೆ ಓಟ, ಜಿಗಿತದಂಥ ಜೋರಾದ ಆಟ ಆಡಬೇಕು.

ಒಂದೇ ಕೋಣೆಯ ಮನೆಯಲ್ಲಿ ಮೂರು ಗಂಟೆ ಓಡಾಟ ಎಲ್ಲಿಂದ ತರುವುದು? ಹಾಡು ಮತ್ತು ಕುಣಿತ ನೆರವಾಗುವುದು ಅಲ್ಲಿಯೇ. ಅದಕ್ಕೆ ನಾಲ್ಕು ಹೆಜ್ಜೆ ಜಾಗ ಸಾಕು.

*ಕನ್ನಡದ ಕಿವಿ*

ಹುಟ್ಟಿದ ಮಗು ಎಲ್ಲ ಭಾಷೆಗಳ ಧ್ವನಿಗಳಲ್ಲೂ ವ್ಯತ್ಯಾಸ ಗುರುತಿಸಬಲ್ಲದು. ವರ್ಷ ತುಂಬುವ ಹೊತ್ತಿಗೆ ಸುತ್ತ ಕೇಳಿಸುವ ಭಾಷೆಯ ಧ್ವನಿಗಳಿಗೆ ಕಿವಿ ಹೆಚ್ಚು ಹೊಂದಿಕೊಳ್ಳುತ್ತದೆ. ನಮ್ಮ ಮಕ್ಕಳು ಹೊರಗೆ ಮರಾಠಿ, ಹಿಂದಿ ಕೇಳುತ್ತಾರೆ. ಕನ್ನಡದ ಳ, ಣ ಮರಾಠಿಯಲ್ಲೂ ಇವೆ, ಅದರ ಚಿಂತೆ ಇಲ್ಲ. ಆದರೆ ಕನ್ನಡದಲ್ಲಿ ಎ-ಏ, ಒ-ಓ ಬೇರೆ ಬೇರೆ. ಮರಾಠಿ, ಹಿಂದಿ ಬರವಣಿಗೆಯಲ್ಲಿ ಈ ಭೇದವಿಲ್ಲ. ಬೆಳೆ ಬೇರೆ, ಬೇಳೆ ಬೇರೆ. ಒಲೆ ಬೇರೆ, ಓಲೆ ಬೇರೆ. ಈ ಭೇದ ಮನೆಯಲ್ಲಿ ಕೇಳದಿದ್ದರೆ ಮಗು ಬೇರೆಲ್ಲಿ ಕೇಳೀತು?

ಹಾಡಿನಲ್ಲಿ ಇದು ಸುಲಭ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಕೈಯನ್ನು ಅಗಲವಾಗಿ ಚಾಚುವುದು. ಮೂರು ವರ್ಷದ ಮಗು ಇದನ್ನು ಆಟವೆಂದೇ ಆಡುತ್ತದೆ.

*ಚಪ್ಪಾಳೆಯಿಂದ ಅಕ್ಷರಕ್ಕೆ*

ಅಡುಗೆಮನೆಯ ಪದಗಳನ್ನೇ ತೆಗೆದುಕೊಳ್ಳಿ. ರೊಟ್ಟಿ: ಎರಡು ಚಪ್ಪಾಳೆ. ಶೇಂಗಾ: ಎರಡು. ಅವಲಕ್ಕಿ: ನಾಲ್ಕು. ಬದನೆಕಾಯಿ: ಐದು. ಆಮೇಲೆ ಮಗುವಿನ ಹೆಸರು, ಅಪ್ಪನ ಹೆಸರು, ಊರಿನ ಹೆಸರು. ಮಾತು ಚಿಕ್ಕ ಚಿಕ್ಕ ತುಂಡುಗಳಿಂದ ಆಗಿದೆ ಎಂಬುದು ಮಗುವಿಗೆ ಹೀಗೆ ತಿಳಿಯುತ್ತದೆ. ಕನ್ನಡದಲ್ಲಿ ಬರೆಯುವುದೂ ಹೆಚ್ಚುಕಡಿಮೆ ಅದೇ ತುಂಡುಗಳನ್ನು. ಹಾಗಾಗಿ ಈ ಆಟ ಮುಂದೆ ಓದು ಕಲಿಯಲು ಅಡಿಪಾಯ. ಎಣಿಕೆಯೂ ಜೊತೆಗೇ ಬರುತ್ತದೆ.

*ಕೆರೆ-ದಡ: ತಡೆದುಕೊಳ್ಳುವ ಪಾಠ*

ನಾವೆಲ್ಲ ಆಡಿದ ಕೆರೆ-ದಡ ಆಟ ನೆನಪಿದೆಯೇ? ಗೆರೆ ಎಳೆದು "ದಡ" ಎಂದಾಗ ಹೊರಗೆ, "ಕೆರೆ" ಎಂದಾಗ ಒಳಗೆ ಜಿಗಿಯುವುದು. ಇದರಲ್ಲಿ ಮಗು ಕಿವಿಗೊಟ್ಟು ಕೇಳಬೇಕು, ನೆನಪಿಡಬೇಕು, ಜಿಗಿಯಲು ಹೊರಟ ಕಾಲನ್ನು ತಡೆಯಬೇಕು. ಶಾಲೆಯಲ್ಲಿ ಕೂತು ಪಾಠ ಕೇಳಲು ಬೇಕಾದದ್ದೂ ಇವೇ ಮೂರು. ಹಾಡು ನಿಂತಾಗ ಕಲ್ಲಿನಂತೆ ನಿಲ್ಲುವ ಆಟವೂ ಇದೇ ಕೆಲಸ ಮಾಡುತ್ತದೆ.

*ವಯಸ್ಸಿಗೆ ತಕ್ಕಂತೆ*

• 0-1 ವರ್ಷ: ಎಣ್ಣೆ ಹಚ್ಚುವಾಗ, ಸ್ನಾನ ಮಾಡಿಸುವಾಗ ನಿಧಾನವಾಗಿ ಹಾಡಿ. ಎಚ್ಚರವಿದ್ದಾಗ ಹೊಟ್ಟೆಯ ಮೇಲೆ ಮಲಗಿಸಿ ಎದುರು ಕೂತು ಹಾಡಿ, ದಿನಕ್ಕೆ ಒಟ್ಟು ಅರ್ಧ ಗಂಟೆ. ನಿದ್ದೆಗೆ ಮಾತ್ರ ಬೆನ್ನ ಮೇಲೆಯೇ ಮಲಗಿಸಿ.
• 1-2 ವರ್ಷ: ಕಿವಿ, ಮೂಗು, ಕಾಲು ಮುಟ್ಟಿಸಿ ಹಾಡಿ. ತಾಟು, ಚಮಚ ಕೊಟ್ಟು ಬಡಿಯಲು ಬಿಡಿ. ಹಾಡಿನ ಕೊನೆಯ ಪದ ಬಿಟ್ಟು ಕಾಯಿರಿ, ಮಗುವೇ ತುಂಬಲಿ.
• 2-3 ವರ್ಷ: ಆನೆಯಂತೆ ನಡಿಗೆ, ಕಪ್ಪೆಯಂತೆ ಜಿಗಿತ. ಮೇಲೆ-ಕೆಳಗೆ, ಒಳಗೆ-ಹೊರಗೆ, ಬೇಗ-ನಿಧಾನ ಎಂಬ ಪದಗಳು ಮೈಯಿಂದಲೇ ಬರುತ್ತವೆ.
• 3-5 ವರ್ಷ: ಕೋಲಾಟದ ಹೆಜ್ಜೆ, ಲೇಜಿಮ್ ನಡಿಗೆ, ಒಂಟಿ ಕಾಲಿನ ಜಿಗಿತ, ಕೆರೆ-ದಡ.

ಕೆಲಸದಿಂದ ದಣಿದು ಬಂದ ದಿನ ಹತ್ತು ನಿಮಿಷ ಸಾಕು. ಹಾಡು ಬರುವುದಿಲ್ಲವೆಂದರೆ ಮೊಬೈಲ್ ಉಪಯೋಗಿಸಿ, ಆದರೆ ಹೀಗೆ: ಊರಿಗೆ ಫೋನ್ ಮಾಡಿ ಅಜ್ಜಿಯ ಜೋಗುಳವನ್ನು, ಬೀಸುಕಲ್ಲಿನ ಪದವನ್ನು ರೆಕಾರ್ಡ್ ಮಾಡಿಕೊಳ್ಳಿ. ನೀವು ಕಲಿತು ಮಗುವಿಗೆ ಹಾಡಿ.

*ಎರಡು ತಪ್ಪು ನಂಬಿಕೆ*

1. "ಶಾಸ್ತ್ರೀಯ ಸಂಗೀತ ಕೇಳಿಸಿದರೆ ಮಗುವಿನ ಬುದ್ಧಿ ಹೆಚ್ಚುತ್ತದೆ." ಈ ಮಾತು ಹರಡಿದ್ದು ಮೊಜಾರ್ಟ್ ಸಂಗೀತದ ಬಗೆಗಿನ 1993ರ ಒಂದು ಅಧ್ಯಯನದಿಂದ. ಅದು ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಕಂಡ ಪರಿಣಾಮ ಉಳಿದದ್ದು ಹತ್ತು-ಹದಿನೈದು ನಿಮಿಷ. ಸುಮ್ಮನೆ ಕೇಳಿಸಿದರೆ ಸಾಲದು, ಮಗು ತಾನೇ ಹಾಡಬೇಕು, ಕುಣಿಯಬೇಕು. ಅದಕ್ಕಾಗಿ ಹಣ ಕೊಟ್ಟು ಆಪ್ ಕೊಳ್ಳಬೇಡಿ.

2. "ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಅದಕ್ಕೇ ಮಾತು ತಡ." ಎರಡು ಮೂರು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಬರುವುದಿಲ್ಲ. ಈ ನಂಬಿಕೆಯಿಂದ ಎರಡು ನಷ್ಟ: ಮನೆಯಲ್ಲಿ ಕನ್ನಡ ನಿಲ್ಲಿಸುತ್ತಾರೆ, ಕಿವಿಯ ಪರೀಕ್ಷೆಯನ್ನು ಮುಂದೂಡುತ್ತಾರೆ. ಎರಡನೆಯದು ಹೆಚ್ಚು ಅಪಾಯ.

*ಇವು ಕಂಡರೆ ಕಾಯಬೇಡಿ*

• ದೊಡ್ಡ ಸದ್ದಿಗೂ ಬೆಚ್ಚದಿರುವುದು, ಹೆಸರು ಕರೆದರೂ ತಿರುಗದಿರುವುದು
• 1 ವರ್ಷವಾದರೂ ಬಾ-ಬಾ, ದಾ-ದಾ ಎಂಬ ತೊದಲು ಇಲ್ಲದಿರುವುದು
• ಒಂದೂವರೆ ವರ್ಷವಾದರೂ ಒಂದೂ ಪದ ಬಾರದಿರುವುದು
• 2 ವರ್ಷವಾದರೂ "ನೀರು ಕೊಡು" ಎಂಬಂತೆ ಎರಡು ಪದ ಕೂಡಿಸದಿರುವುದು
• ಯಾವ ವಯಸ್ಸಿನಲ್ಲಾದರೂ ಬರುತ್ತಿದ್ದ ಮಾತು ನಿಂತುಹೋಗುವುದು

ಇಂಥ ಮಗುವಿಗೆ ಹಾಡು ಔಷಧವಲ್ಲ. ಮೊದಲು ಕಿವಿಯ ಪರೀಕ್ಷೆ ಆಗಲಿ. ಪುಣೆಯಲ್ಲಿ ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗ ಅಥವಾ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕರೆದೊಯ್ಯಿರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ತಪಾಸಣೆ ಉಚಿತ, ಅಂಗನವಾಡಿಯಲ್ಲಿ ಕೇಳಿ. ಊರಿಗೆ ಹೋಗುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ.

*ಗಣೇಶೋತ್ಸವದ ಎಚ್ಚರಿಕೆ*

ಢೋಲ್-ತಾಶಾ ಪುಣೆಯ ಹೆಮ್ಮೆ. ಮಕ್ಕಳಿಗೆ ತೋರಿಸಿ, ಆದರೆ ದೂರದಿಂದ. ಪಕ್ಕದವರಿಗೆ ಕೂಗಿ ಹೇಳಬೇಕಾದಷ್ಟು ಸದ್ದಿದ್ದರೆ ಅದು ಎಳೆಯ ಕಿವಿಗೆ ಜಾಸ್ತಿ. ಹೆಗಲ ಮೇಲೆ ಕೂರಿಸಿಕೊಂಡು ಸ್ಪೀಕರ್ ಮುಂದೆ ನಿಲ್ಲಬೇಡಿ. ಜೋರು ಸದ್ದಿನಿಂದ ಹೋದ ಶ್ರವಣಶಕ್ತಿ ಮತ್ತೆ ಬಾರದಿರಬಹುದು.

*ಕೊನೆಯದಾಗಿ*

ಮೂರು ವರ್ಷ ದಾಟಿದ ಮಗುವನ್ನು ಹತ್ತಿರದ ಅಂಗನವಾಡಿಗೆ ಕಳಿಸಿ. ಅಲ್ಲಿ ಮರಾಠಿ ಹಾಡು ಕಲಿಯಲಿ, ಮನೆಯಲ್ಲಿ ಕನ್ನಡದ್ದು ಕಲಿಯಲಿ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯನ್ನೇ ಮನೆ ಮಾಡಿಕೊಂಡ ಭೀಮಸೇನ ಜೋಶಿಯವರು ಕನ್ನಡದ ದಾಸರ ಪದವನ್ನೂ ಮರಾಠಿ ಅಭಂಗವನ್ನೂ ಒಂದೇ ಕಂಠದಲ್ಲಿ ಹಾಡಿದರು. ನಮ್ಮ ಮಕ್ಕಳಿಗೂ ಎರಡೂ ದಕ್ಕುತ್ತವೆ. ಕನ್ನಡದ ಪಾಲು ಮಾತ್ರ ನಾವೇ ಕೊಡಬೇಕು.

ಇಂದು ರಾತ್ರಿ ಮಗುವನ್ನು ಮಲಗಿಸುವಾಗ ಮೊಬೈಲ್ ಪಕ್ಕಕ್ಕಿಟ್ಟು ಒಂದು ಹಾಡು ಹಾಡಿ. ಚಿಕ್ಕ ಮಕ್ಕಳಿರುವ ಮನೆಗಳಿಗೆ ಈ ಲೇಖನ ಕಳಿಸಿ. ಓದಲು ಬಾರದವರಿದ್ದರೆ ಓದಿ ಹೇಳಿ.