ಬಂಡೆಯ ಮೇಲಿನ ಬಯೋಡಾಟಾ

ಮೊನ್ನೆ ಫೋನಿನಲ್ಲಿ ನೀನು ಒಪ್ಪಿಸಿದ ಉತ್ತರ ಕೇಳಿ ನಗು ಬಂತು ಕಣಮ್ಮ, ಬೇಜಾರು ಮಾಡಿಕೊಳ್ಳಬೇಡ. ‘ಐದು ವರ್ಷದಲ್ಲಿ ನಿಮ್ಮ ಸಂಸ್ಥೆಯಲ್ಲೇ ಟೀಮ್ ಲೀಡರ್ ಆಗಿ ಸಂಸ್ಥೆಯ ಬೆಳವಣಿಗೆಗೆ ಶ್ರಮಿಸುತ್ತೇನೆ’ ಅಂತ ಒಂದೇ ಉಸಿರಿಗೆ ಮುಗಿಸಿದೆ. ಮಗ್ಗಿ ಹೇಳಿದ ಹಾಗಿತ್ತು. ಬ್ಯಾಂಕಿನಲ್ಲಿದ್ದಾಗ ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ನಿಮ್ಮ ದೊಡ್ಡಪ್ಪನೂ ಕೆಲವು ವರ್ಷ ಕೂತವನೇ. ಬೆಳಗಿನಿಂದ ಸಂಜೆವರೆಗೆ ಇದೇ ಮಾತು. ಮಧ್ಯಾಹ್ನದ ಊಟ ಆದಮೇಲಂತೂ ಕಣ್ಣು ಬಿಟ್ಟುಕೊಂಡು ಕೂರುವುದೇ ಕಷ್ಟವಾಗುತ್ತಿತ್ತು.

‘ಐದು ವರ್ಷದಲ್ಲಿ ಎಲ್ಲಿರುತ್ತೀರಿ’ ಅಂತ ಕೇಳುವವರಿಗೆ ನಿನ್ನ ಜಾತಕ ಬೇಕಾಗಿಲ್ಲ. ಕೆಲಸ ಕಲಿಸಿದ ಮೇಲೆ ಈ ಹುಡುಗಿ ಆರು ತಿಂಗಳಿಗೆ ಬಿಟ್ಟು ಹೋಗುತ್ತಾಳಾ, ತನಗೆ ಏನು ಬರುತ್ತೆ ಏನು ಬರಲ್ಲ ಅನ್ನೋದು ಇವಳಿಗೆ ಗೊತ್ತಾ, ಅಷ್ಟೇ ಅವರ ಅನುಮಾನ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬಿತ್ತುವವನನ್ನು ಎಷ್ಟು ಮೂಟೆ ಬರುತ್ತಪ್ಪ ಅಂತ ಕೇಳಿ ನೋಡು, ಮೋಡ ನೋಡುತ್ತಾನೆ. ಯಾವ ಬೀಜ, ಎಷ್ಟು ಹಾಕ್ತೀಯ, ಮಳೆ ಕೈಕೊಟ್ಟರೆ ಏನು ಮಾಡ್ತೀಯ ಅಂದರೆ ಪಟಪಟ ಹೇಳುತ್ತಾನೆ. ನೀನು ಹೇಳಿದ ಟೀಮ್ ಲೀಡರ್ ಇದೆಯಲ್ಲ, ಅದು ಮೂಟೆ ಲೆಕ್ಕ.

ನೀನು ಹೈಸ್ಕೂಲಿನಲ್ಲಿದ್ದಾಗ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಬಿಸಿಲಿಗೆ ಮುಖ ಸಿಂಡರಿಸಿಕೊಂಡು ನಿಂತಿದ್ದೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆಮಾಡಿದ ಅಶೋಕನ ಶಾಸನ ಅದು. ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಮಾತು ಕೆತ್ತಿಸಿದ್ದಾನೆ. ಅಲ್ಲಿ ಏನು ಬರೆದಿದೆ ಅಂತ ಅವತ್ತು ನೀನು ಕೇಳಲಿಲ್ಲ, ಈಗ ಕೇಳು. ಚಕ್ರವರ್ತಿ ಶುರು ಮಾಡುವುದೇ ತನ್ನ ಹಳೆಯ ಲೆಕ್ಕದಿಂದ. ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ, ಸಂಘಕ್ಕೆ ಹತ್ತಿರವಾದ ಮೇಲೆ ವರ್ಷದಿಂದೀಚೆಗೆ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಅನ್ನುತ್ತಾನೆ. ಇಷ್ಟು ಒಪ್ಪಿಸಿದ ಮೇಲೆಯೇ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಹೀಗೆ ಶ್ರಮಿಸಲಿ ಅನ್ನುವ ಮುಂದಿನ ಆಸೆ. ನೋಡು, ಅಷ್ಟು ದೊಡ್ಡ ರಾಜ ಖಾಲಿ ಹೋದ ಒಂದು ವರ್ಷವನ್ನು ಬಂಡೆಯ ಮೇಲೆ ಕೊರೆಸಿದ್ದಾನೆ! ನೀನು ಪಿಡಿಒ ಪರೀಕ್ಷೆಗೆ ಓದುತ್ತಾ ಮನೆಯಲ್ಲಿ ಕೂತ ಒಂದು ವರ್ಷವನ್ನು ಒಂದು ಹಾಳೆಯ ಮೇಲೆ ಮುಚ್ಚಿಡಲು ಒದ್ದಾಡುತ್ತಿದ್ದೀಯ.

ಅದಕ್ಕಿಂತ ಬೇಸರವಾದದ್ದು ಇನ್ನೊಂದು. ಎಣ್ಣೆ ಮಿಲ್ಲಿನಲ್ಲಿ ಎರಡು ವರ್ಷ ಲೆಕ್ಕ ಬರೆದದ್ದನ್ನು ಬಯೋಡಾಟಾದಿಂದಲೇ ತೆಗೆದುಹಾಕಿದ್ದೀಯ. ಬೆಂಗಳೂರಿನವರಿಗೆ ಚೆನ್ನಾಗಿ ಕಾಣಲ್ಲ ಅಂದೆಯಂತೆ. ಚಳ್ಳಕೆರೆಗೆ ಎಣ್ಣೆ ನಗರ ಅನ್ನೋ ಹೆಸರು ತಂದುಕೊಟ್ಟದ್ದೇ ಆ ಮಿಲ್ಲುಗಳು ತಾಯಿ. ನನ್ನ ಕೇಳಿದರೆ ನಿನ್ನ ಉತ್ತರ ಅಲ್ಲಿಂದಲೇ ಶುರುವಾಗಬೇಕು. ‘ಎರಡು ವರ್ಷ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಖರೀದಿ, ಎಣ್ಣೆ, ಹಿಂಡಿ ಮಾರಾಟದ ಲೆಕ್ಕ ಟ್ಯಾಲಿಯಲ್ಲಿ ಬರೆದೆ. ಜಿಎಸ್‌ಟಿ ರಿಟರ್ನ್ ಮಾತ್ರ ಆಡಿಟರ್ ಕಚೇರಿಯವರು ಮಾಡುತ್ತಿದ್ದರು. ಇಲ್ಲಿ ಮೊದಲ ವರ್ಷ ಅದನ್ನು ಕಲಿಯಬೇಕು. ಮೂರನೇ ವರ್ಷಕ್ಕೆ ತಿಂಗಳ ಲೆಕ್ಕ ಒಬ್ಬಳೇ ಮುಗಿಸುವಂತಾಗಬೇಕು. ಆಮೇಲೆ ಆಡಿಟ್ ಕಡೆಗೆ ಹೋಗುವ ಆಸೆ ಇದೆ.’ ಹೀಗೆ ಹೇಳುವ ಹುಡುಗಿಯನ್ನು ನಾನಾದರೆ ನಿದ್ದೆಗಣ್ಣಿನಲ್ಲೂ ತಲೆಯೆತ್ತಿ ನೋಡುತ್ತಿದ್ದೆ. ಇದನ್ನೂ ಬಾಯಿಪಾಠ ಮಾಡಿಬಿಡಬೇಡ ಮತ್ತೆ.

ಆಸೆ ದೊಡ್ಡದಿರಲಿ, ಬೇಡ ಅನ್ನಲ್ಲ. ನಮ್ಮ ಕಾವಲಿನಲ್ಲಿ ಡಿಆರ್‌ಡಿಒದವರು ಮಾಡಿರುವ ರನ್‌ವೇ ಮೇಲೆ ಇಸ್ರೋ ಏನು ಮಾಡಿತು ಹೇಳು. 2023ರ ಏಪ್ರಿಲ್ 2ರಂದು ರೆಕ್ಕೆಯಿರುವ ವಾಹನವನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟರು, ಅದು ತಾನೇ ಬಂದು ಇಳಿಯಿತು. 2024ರ ಮಾರ್ಚಿನಲ್ಲಿ ದಾರಿಯಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು, ಜೂನಿನಲ್ಲಿ 500 ಮೀಟರ್. ಬಾಹ್ಯಾಕಾಶಕ್ಕೆ ಹೋಗಿ ಬಂದು ಮತ್ತೆ ಹೋಗುವ ವಾಹನ ಮಾಡಬೇಕು ಅನ್ನೋದು ಅವರ ಗುರಿ, ಆದರೆ ಒಂದೊಂದು ಸಲಕ್ಕೂ ಮುಂದಿನ ಮೆಟ್ಟಿಲು ಯಾವುದು ಅನ್ನೋದು ಮೀಟರ್ ಲೆಕ್ಕದಲ್ಲಿ ಗೊತ್ತಿತ್ತು. (ದನ ಕುರಿ ಮೇಯುತ್ತಿದ್ದ ಕಾವಲು ಹೋಯಿತಲ್ಲ ಅನ್ನುವ ಸಂಕಟ ನನಗಿನ್ನೂ ಇದೆ. ಅದು ಬೇರೆ ಮಾತು.)

‘ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದೀರಾ’ ಅಂತ ಕೇಳಿಯೇ ಕೇಳುತ್ತಾರೆ. ನಮ್ಮ ಕಡೆಯ ಮಕ್ಕಳೆಲ್ಲ ಒಂದು ಕಣ್ಣು ಅಲ್ಲಿಟ್ಟಿರುತ್ತಾರೆ ಅನ್ನೋದು ಅವರಿಗೂ ಗೊತ್ತು. ಅವರಾಗಿ ಕೇಳದಿದ್ದರೆ ನೀನಾಗಿ ಎತ್ತಬೇಡ, ಕೇಳಿದರೆ ಸುಳ್ಳು ಹೇಳಬೇಡ. ‘ಒಂದು ವರ್ಷ ಪೂರ್ತಿ ಓದಿದೆ, ಆಗಲಿಲ್ಲ. ಇನ್ನು ಕೆಲಸ ಬಿಟ್ಟು ಕೂತು ಓದುವುದಿಲ್ಲ’ ಅನ್ನು. ಈ ಮಾತು ನಿಜವಾ ಅಂತ ಮಾತ್ರ ಇವತ್ತೇ ನಿನ್ನನ್ನು ನೀನು ಕೇಳಿಕೋ. ಅಲ್ಲಿ ಕುರ್ಚಿ ಮೇಲೆ ಕೂತು ಯೋಚನೆ ಮಾಡುವ ವಿಷಯ ಅಲ್ಲ ಅದು.

ಮದುವೆ ಯಾವಾಗ ಅಂತಲೂ ಕೇಳಬಹುದು. ನನ್ನ ಪಕ್ಕದಲ್ಲಿ ಕೂತಿದ್ದವರೊಬ್ಬರು ಒಂದು ಹುಡುಗಿಗೆ ಹಾಗೆ ಕೇಳಿದಾಗ ನಾನು ಪೆನ್ನು ನೋಡುತ್ತಾ ಸುಮ್ಮನಿದ್ದೆ. ಹುಡುಗರನ್ನು ಯಾರೂ ಕೇಳಿದ್ದಿಲ್ಲ. ಆ ಹುಡುಗಿ ‘ಕೆಲಸ ಬಿಡುವ ಯೋಚನೆ ಇಲ್ಲ ಸರ್’ ಅಂದು ಮುಂದಿನ ಪ್ರಶ್ನೆಗೆ ಕಾಯುತ್ತಾ ಕೂತಳು. ಅವಳಷ್ಟು ಧೈರ್ಯ ಅವತ್ತು ನನಗಿರಲಿಲ್ಲ.

ಇಂಗ್ಲಿಷು ತಡವರಿಸಿದರೆ ತಡವರಿಸಲಿ, ಚಿಕ್ಕ ಚಿಕ್ಕ ವಾಕ್ಯ ಮಾಡಿಕೋ. ನಾಳೆ ಬೆಳಿಗ್ಗೆ ಮಿಲ್ಲಿಗೆ ಹೋಗಿ ಯಜಮಾನರ ಹತ್ತಿರ ಅನುಭವ ಪತ್ರ ಬರೆಸಿಕೊಂಡು ಬಾ. ಬರುವಾಗ ಮಿಲ್ಲಿನ ಹೆಸರು, ಆ ಖಾಲಿ ವರ್ಷ ಎರಡನ್ನೂ ಸೇರಿಸಿ ಬಯೋಡಾಟಾ ಹೊಸದಾಗಿ ಪ್ರಿಂಟ್ ತೆಗೆಸು.