ಗಂಡ ಜೈಲಿನಲ್ಲಿ, ಹೆಂಡತಿ ಹೊರಗೆ



ಗಂಡ ಜೈಲಿಗೆ ಹೋದರೆ ಹೆಂಡತಿಯ ಗತಿ ಏನು? ಸಾಲದ ಕಂತು, ಮಕ್ಕಳ ಫೀಸು, ವಕೀಲರ ಖರ್ಚು ಇದೆಲ್ಲ ನಾವು ಸಂಘದಲ್ಲಿ ಮಾತಾಡ್ತೇವೆ. ಆದರೆ ಗಂಡ ಹತ್ತು ಹನ್ನೆರಡು ವರ್ಷ ಒಳಗೇ ಇದ್ದರೆ ಅವರ ದಾಂಪತ್ಯ ಏನಾಗಬೇಕು, ಅವಳಿಗೆ ಮಗು ಬೇಕು ಅನ್ನಿಸಿದರೆ ಏನು ಮಾಡಬೇಕು ಅಂದಾಗ ಎಲ್ಲರೂ ತಲೆ ತಗ್ಗಿಸುತ್ತೇವೆ. ಈ ತಿಂಗಳು ನಾಚಿಕೆ ಬದಿಗಿಟ್ಟು ಇದನ್ನೇ ತಿಳಿದುಕೊಳ್ಳೋಣ.

ಪಂಜಾಬಿನಲ್ಲಿ ಆದದ್ದು

ಜೈಲಿನ ಸಾಮಾನ್ಯ ಭೇಟಿ ಅಂದರೆ ಮಧ್ಯೆ ಜಾಲರಿ, ಪಕ್ಕದಲ್ಲಿ ಕಾವಲು. 2022ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಸರ್ಕಾರ ಗೋಯಿಂದ್‌ವಾಲ್ ಸಾಹಿಬ್ ಮುಂತಾದ ಕೆಲವು ಜೈಲುಗಳಲ್ಲಿ ಹೊಸ ವ್ಯವಸ್ಥೆ ಶುರು ಮಾಡಿತು. ಎರಡು ತಿಂಗಳಿಗೊಮ್ಮೆ, ಎರಡು ಗಂಟೆ, ಶೌಚಾಲಯವಿರುವ ಪ್ರತ್ಯೇಕ ಕೋಣೆಯಲ್ಲಿ ಗಂಡ ಹೆಂಡತಿ ಇರಬಹುದು. ಮದುವೆಯ ದಾಖಲೆ ಬೇಕು. ಎಚ್‌ಐವಿ, ಕ್ಷಯದಂಥ ರೋಗ ಇಲ್ಲವೆಂಬ ವೈದ್ಯರ ಪತ್ರ ಬೇಕು. ಭಯೋತ್ಪಾದಕರಿಗೆ, ಗ್ಯಾಂಗ್‌ಸ್ಟರ್‌ಗಳಿಗೆ, ಮನೆಯೊಳಗಿನ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ, ಲೈಂಗಿಕ ಅಪರಾಧ ಮಾಡಿದವರಿಗೆ ಅವಕಾಶ ಇಲ್ಲ.

ಕೋರ್ಟು ಏನು ಹೇಳುತ್ತದೆ?

2014ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಜೈಲಿಗೆ ಹೋದ ಮಾತ್ರಕ್ಕೆ ಸಂತಾನ ಪಡೆಯುವ ಹಕ್ಕು ಪೂರ್ತಿ ಹೋಗುವುದಿಲ್ಲ, ಆದರೆ ಅದಕ್ಕೆ ಮಿತಿ ಹಾಕಬಹುದು ಎಂದಿತು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ, ಬರೀ ದಾಂಪತ್ಯಕ್ಕೆಂದು ರಜೆ ಕೇಳುವುದು ಹಕ್ಕಲ್ಲ, ಬಂಜೆತನದ ಚಿಕಿತ್ಸೆಗೆ ಕೊಡಬಹುದು ಎಂದಿತು. ಅಂದರೆ ಎಲ್ಲ ಕಡೆ ಒಂದೇ ಉತ್ತರ ಇಲ್ಲ.

ನಮ್ಮ ಕರ್ನಾಟಕದಲ್ಲಿ ಈ ಮಾತು ಪೆರೋಲ್, ಅಂದರೆ ತಾತ್ಕಾಲಿಕ ಬಿಡುಗಡೆಯ ದಾರಿಯಲ್ಲಿ ಬಂದಿದೆ. 2023ರಲ್ಲಿ ನಮ್ಮ ಹೈಕೋರ್ಟು ಕೊಲೆ ಪ್ರಕರಣದ ಕೈದಿಯೊಬ್ಬರಿಗೆ ಮದುವೆಯಾಗಲು 15 ದಿನ ಪೆರೋಲ್ ಕೊಟ್ಟಿತು. 2024ರಲ್ಲಿ ಅವರ ಹೆಂಡತಿ ಮಗು ಬೇಕೆಂದು ಕೇಳಿದಾಗ 30 ದಿನ ಕೊಟ್ಟಿತು. ಪೆರೋಲ್ ಶಿಕ್ಷೆಯಾದವರಿಗೆ ಮಾತ್ರ. ವಿಚಾರಣೆಯಲ್ಲಿರುವವರು ಜಾಮೀನು ಕೇಳಬೇಕು.

ಜನರ ಬಾಯಿ

“ಕೊಂದವನಿಗೆ ಜೈಲು ಕೊಟ್ಟದ್ದು ಸುಖಪಡಲಿಕ್ಕಾ?” ಅಂತಾರೆ. ಸತ್ತವರ ಮನೆಯವರ ನೋವು ದೊಡ್ಡದು, ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಶಿಕ್ಷೆಯಾದದ್ದು ಅವನಿಗೆ, ಅವಳಿಗಲ್ಲ. ಅವನು ಹೊರಗೆ ಬರುವ ಹೊತ್ತಿಗೆ ಅವಳ ಹೆರುವ ವಯಸ್ಸು ಮುಗಿದಿರುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಕೆಟ್ಟದ್ದು. ಪೆರೋಲ್ ಮುಗಿಸಿ ಗಂಡ ವಾಪಸ್ ಹೋದ ಮೇಲೆ ಇವಳು ಬಸುರಿಯಾದರೆ, ಊರು ಬೆರಳು ಮಡಚಿ ತಿಂಗಳು ಎಣಿಸುತ್ತದೆ. “ಗಂಡ ಜೈಲಲ್ಲಿ, ಮಗು ಯಾರದ್ದು?” ಈ ಮಾತು ಮೊದಲು ಹುಟ್ಟುವುದು ನಲ್ಲಿ ಕಟ್ಟೆಯಲ್ಲಿ, ಕೆಲವೊಮ್ಮೆ ನಮ್ಮ ಸಂಘದ ಚಾಪೆಯ ಮೇಲೆಯೇ. ಅಲ್ಲೇ ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ಪೆರೋಲ್ ಆದೇಶದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಅವಳಿಗೆ ಹೇಳಿ.

ಅವಳ ಇಷ್ಟವೂ ಬೇಕು

ಗಂಡ ಒಳಗೆ ಹೋದ ಮೇಲೆಯೇ ನೆಮ್ಮದಿಯಾಗಿ ನಿದ್ದೆ ಮಾಡಿದ ಹೆಂಗಸರೂ ಇದ್ದಾರೆ. ಅಂಥವಳಿಗೆ ಅತ್ತೆ ಮಾವ “ಹೋಗು, ಅವನು ಕೇಳ್ತಿದ್ದಾನೆ” ಅಂತ ಒತ್ತಾಯ ಮಾಡಬಾರದು. ಭೇಟಿ ಇಬ್ಬರ ಇಷ್ಟ, ಒಬ್ಬರ ಅಪ್ಪಣೆಯಲ್ಲ. ಹಾಗೆಯೇ ಜೈಲಿನಲ್ಲಿರುವವಳು ಹೆಂಡತಿಯಾದರೆ? ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳ ಪ್ರಕಾರ, ಇಂಥ ಭೇಟಿಗೆ ಅವಕಾಶ ಇರುವ ಕಡೆ ಮಹಿಳಾ ಕೈದಿಗೂ ಗಂಡಸಿನಷ್ಟೇ ಹಕ್ಕು.

ನಾವು ಮಾಡಬಹುದಾದದ್ದು

* ಪೆರೋಲ್ ಅರ್ಜಿ ಜೈಲಿನ ಅಧಿಕಾರಿಗಳಿಗೆ ಹೋಗಬೇಕು. ತಿರಸ್ಕರಿಸಿದರೆ ಹೈಕೋರ್ಟಿಗೆ ಹೋಗಬಹುದು.
* ಹೆಂಗಸರಿಗೂ ಕೈದಿಗಳಿಗೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೆ 15100ಕ್ಕೆ ಫೋನ್ ಮಾಡಿ. ದಲ್ಲಾಳಿಗೆ ದುಡ್ಡು ಕೊಡಬೇಡಿ.
* ಹೇಳಿದ ದಿನಕ್ಕೆ ಗಂಡ ವಾಪಸ್ ಹೋಗಲೇಬೇಕು. ತಪ್ಪಿದರೆ ಮುಂದಿನ ಪೆರೋಲ್‌ಗೂ ಕಷ್ಟ.

ಸಭೆಯಲ್ಲಿ ಚರ್ಚಿಸಿ

1. ಗಂಡ ಜೈಲಿನಲ್ಲಿರುವ ಹೆಂಗಸು ನಮ್ಮ ಸಂಘಕ್ಕೆ ಸೇರಲು ಬಂದರೆ ನಾವು ಮೊದಲು ಏನು ಕೇಳುತ್ತೇವೆ?
2. ಅವಳ ಬಗ್ಗೆ ಊರಲ್ಲಿ ಮಾತು ಎದ್ದಾಗ ನಮ್ಮಲ್ಲಿ ಯಾರು ಬಾಯಿ ಬಿಟ್ಟು ಎದುರು ಮಾತಾಡ್ತೀರಿ?